ಸಾಬೂನು ಬೀದಿಯ ಹದಿನೆಂಟು ಬಾಗಿಲು

ಹೂವಿನ ಹಬ್ಬಕ್ಕೆ ಪೋರ್ಚುಗಲ್ಲಿನ ಗಡಿಯೂರಾದ ಕಾಂಪು ಮಾಯೋರಿನಲ್ಲಿ ಗೊತ್ತಾದ ವರ್ಷವೆಂಬುದಿಲ್ಲ. ಜನಕ್ಕೆ ಬೇಕೆನಿಸಿದರೆ ಹಬ್ಬ, ಬೇಡವೆನಿಸಿದರೆ ಇಲ್ಲ. ಪಾದ್ರಿ ಹೇಳಿದರೂ ಆಗುವುದಿಲ್ಲ, ಲಿಸ್ಬನ್ನಿನಿಂದ ಮಂತ್ರಿಯೇ ಬಂದು ಕೇಳಿಕೊಂಡರೂ ಆಗುವುದಿಲ್ಲ. ಫೆಬ್ರವರಿಯ ಒಂದು ಭಾನುವಾರ ಪ್ರತಿ ಬೀದಿಯ ಯಜಮಾನಿಯೂ ವಾದ್ಯದವರ ಸಭಾಂಗಣಕ್ಕೆ ಬರುತ್ತಾಳೆ. ಬೀದಿಯ ಹೆಸರು ಕರೆದಾಗ ಎದ್ದು ನಿಂತು 'ಬೇಕು' ಅಥವಾ 'ಬೇಡ' ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಬೇಕು ಎಂದ ಬೀದಿ ಆಗಸ್ಟಿನ ಕೊನೆಯಲ್ಲಿ ಈ ತುದಿಯಿಂದ ಆ ತುದಿಗೆ ಕಾಗದದ ಹೂವಿನ ಚಪ್ಪರ ಹೊತ್ತು ನಿಂತಿರಬೇಕು. ನಿಮ್ಮಲ್ಲಿ ಎಷ್ಟು ಜನರಿದ್ದೀರಿ, ಯಾವ ಹೂ ಮಾಡುತ್ತೀರಿ ಎಂದು ಯಾರೂ ಕೇಳುವಂತಿಲ್ಲ. ಚಪ್ಪರ ಏಳುವ ರಾತ್ರಿಯವರೆಗೆ ಒಂದು ಬೀದಿಯ ಗುಟ್ಟು ಇನ್ನೊಂದು ಬೀದಿಯ ಕಿವಿಗೆ ಬೀಳಬಾರದು.

ಫೆಲಿಸ್ಮಿನಾ ಆ ಭಾನುವಾರ ಮನೆಯಿಂದ ಹೊರಡುವಾಗ 'ಬೇಡ' ಎನ್ನುವುದೆಂದೇ ನಿಶ್ಚಯಿಸಿಕೊಂಡಿದ್ದಳು. ಎಪ್ಪತ್ತೆರಡು ವರ್ಷ ಅವಳಿಗೆ. ಕಾಫಿ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಕೆಲಸ ಮಾಡಿ ನಿವೃತ್ತಳಾದವಳು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳಿದವರಿಗೆ 'ಪುರುಸೊತ್ತಾಗಲಿಲ್ಲ' ಎನ್ನುತ್ತಿದ್ದಳು. ಮೂವತ್ತೊಂದು ವರ್ಷದಿಂದ ಸಾಬೂನು ಬೀದಿಯ ಯಜಮಾನಿ. ಅವಳ ತಾಯಿಯ ಕಾಲದಲ್ಲಿ ಆ ಬೀದಿಯ ಹದಿನೆಂಟು ಬಾಗಿಲಿನ ಹಿಂದೆ ತೊಂಬತ್ತು ಜನರಿದ್ದರು. ಹಿಂದಿನ ಹಬ್ಬದ ಹೊತ್ತಿಗೆ ಹದಿನಾಲ್ಕು ಜನ. ಅದಾಗಿ ಒಂಬತ್ತು ವರ್ಷದಲ್ಲಿ ಕೆಲವರು ಸ್ಮಶಾನಕ್ಕೆ ಹೋದರು, ಕೆಲವರು ಊರಾಚೆಯ ಹೊಸ ಫ್ಲಾಟುಗಳಿಗೆ ಹೋದರು. ಅಕ್ಕಪಕ್ಕದ ಎರಡು ಮನೆಗಳನ್ನು ಗಡಿಯಾಚೆ ಬಾದಾಹೋಸಿನ ಒಬ್ಬ ಸ್ಪೇನಿನವನು ಕೊಂಡು, ನಡುವಿನ ಗೋಡೆ ಒಡೆಸಿ, ಭಾನುವಾರ ಬಂದು ಮಾಂಸ ಸುಟ್ಟು ತಿಂದು ಹೋಗುತ್ತಿದ್ದ. ಕೊನೆಗೆ ಉಳಿದ ಗೆಳತಿ ಕುಸ್ತೋದಿಯಾ. ಅವಳೂ ಮಂಡಿ ಸೋತು, ಮೆಟ್ಟಿಲು ಹತ್ತಲಾರದೆ, ಹಿಂದಿನ ಚಳಿಗಾಲದಲ್ಲಿ ಕೋಟೆ ಬೀದಿಯ ತಂಗಿಯ ಮನೆ ಸೇರಿದಳು. ಸಾಬೂನು ಬೀದಿಯಲ್ಲಿ ಈಗ ರಾತ್ರಿ ಮಲಗುವ ಜೀವ ಒಂದೇ.

ಸಭಾಂಗಣದಲ್ಲಿ ಫೆಲಿಸ್ಮಿನಾಳ ಹಿಂದಿನ ಸಾಲಿನಲ್ಲಿ ಕುಳಿತಿದ್ದವಳು ಪಕ್ಕದ ಬಾವಿ ಬೀದಿಯ ಯಜಮಾನಿ ವಿಸೆನ್ಸಿಯಾ. ಅವಳ ನಾಲಿಗೆಗೆ ಹೆದರದ ನಾಯಿ ಊರಲ್ಲಿಲ್ಲ. "ಸಾಬೂನು ಬೀದಿ" ಎಂದು ಕರೆದದ್ದೇ ತಡ, ಅವಳು ಪಕ್ಕದವಳ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

"ಅವ್ರಿಗೆ ಈ ಸಲ ರಜಾ ಬಿಡಮ್ಮ. ಸಾಬೂನು ಕರಗಿ ಎಷ್ಟು ದಿನ ಆಯ್ತೋ ಏನೋ."

ಫೆಲಿಸ್ಮಿನಾ ಎದ್ದು ನಿಂತಳು. ಬಾಯಲ್ಲಿದ್ದ 'ಬೇಡ' ಗಂಟಲಿಗೆ ಇಳಿದುಹೋಯಿತು. "ಬೇಕು" ಎಂದಳು. ಜನ ಚಪ್ಪಾಳೆ ತಟ್ಟಿದರು, ವಿಸೆನ್ಸಿಯಾ ಕೂಡ ತಟ್ಟಿದಳು. ಮನೆಗೆ ಬರುತ್ತ ಫೆಲಿಸ್ಮಿನಾ ತನ್ನ ಬೀದಿಯ ಮುಚ್ಚಿದ ಬಾಗಿಲುಗಳನ್ನು ಒಂದೊಂದಾಗಿ ಎಣಿಸಿದಳು. 'ಬೇಕು' ಎಂದು ಹೇಳಿ ಆಮೇಲೆ ಬೋಳಾಗಿ ನಿಂತ ಬೀದಿಯನ್ನು ಊರು ಮರೆಯುವುದಿಲ್ಲ. ಹಬ್ಬದಲ್ಲಿ ಹೆಂಗಸರು ತಮಟೆ ಹಿಡಿದು ಬೀದಿಬೀದಿ ಸುತ್ತುತ್ತ ನಿಂತಲ್ಲೇ ನಾಲ್ಕು ಸಾಲಿನ ಪದ ಕಟ್ಟಿ ಹಾಡುತ್ತಾರೆ. ಅವಳು ಹುಡುಗಿಯಾಗಿದ್ದಾಗ ಒಂದು ಬೀದಿಯ ಮೇಲೆ ಹಾಗೆ ಕಟ್ಟಿದ ಹಂಗಿಸುವ ಪದವನ್ನು ಮಕ್ಕಳು ಇಪ್ಪತ್ತು ವರ್ಷ ಹಾಡಿದ್ದರು. ಆ ಬೀದಿಯ ಹೆಸರು ಆಮೇಲೆ ಯಾವ ಹಬ್ಬದಲ್ಲೂ ಕರೆಯಲಿಲ್ಲ.

ಮಾರ್ಚಿನಲ್ಲಿ ಕಾಗದ ಬಂತು. ಹಬ್ಬದ ಸಮಿತಿಯ ಬೊನಿಫಾಸಿಯೊ ಕೈಗಾಡಿಯಲ್ಲಿ ಕ್ರೇಪ್ ಕಾಗದದ ಸುರುಳಿಗಳನ್ನು ತಂದು ಫೆಲಿಸ್ಮಿನಾಳ ಹೊಸ್ತಿಲ ಹೊರಗೇ ಇಟ್ಟ. ಒಳಗೆ ಬರುವುದು ಪದ್ಧತಿಯಲ್ಲ.

"ಹದಿನೆಂಟು ಮನೆ ಲೆಕ್ಕಕ್ಕೆ ತಂದಿದೀನಿ ಮಿನತ್ತೆ. ಸಾಕಾಗುತ್ತಾ?"

"ಸಾಕಾಗುತ್ತಪ್ಪ."

"ಎಲ್ರೂ ಚೆನ್ನಾಗಿದಾರಾ?"

"ಎಲ್ರೂ ಚೆನ್ನಾಗಿದಾರೆ," ಎಂದಳು. ಸುಳ್ಳು ಹೇಳಿದೆನೆಂದು ಅವಳಿಗೆ ಅನಿಸಲಿಲ್ಲ. ಸತ್ತವರು ಚೆನ್ನಾಗಿಯೇ ಇರುತ್ತಾರೆ.

ಯಜಮಾನಿಯ ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಸಾಬೂನು ಬೀದಿಯ ಪ್ರತಿ ಮನೆಗೂ ಒಂದು ಹೂವು ಗೊತ್ತು. ಆ ಹೂವಿನ ಎಸಳು ಕತ್ತರಿಸುವ ರಟ್ಟಿನ ಅಚ್ಚುಗಳೆಲ್ಲ ಆ ಡಬ್ಬಿಯಲ್ಲಿ, ಮನೆಯವರ ಹೆಸರು ಬರೆದುಕೊಂಡು ಮಲಗಿದ್ದವು. ಚಮ್ಮಾರ ಅನಕ್ಲೆತೊನ ಮನೆಯದು ಗಸಗಸೆ ಹೂ. ಸೂಲಗಿತ್ತಿ ಪೆರ್ಪೆತುವಾಳ ಮನೆಯದು ಕಿತ್ತಳೆ ಹೂ, ಸಣ್ಣದು, ಕಣ್ಣು ಕೀಳುವಂಥ ಕೆಲಸ. ಕುಸ್ತೋದಿಯಾಳದು ಕಾರ್ನೇಷನ್. ಅಚ್ಚಿಟ್ಟು ಕತ್ತರಿಸುವುದು ಯಾರಿಗಾದರೂ ಬರುತ್ತದೆ. ಎಸಳಿನ ಅಂಚನ್ನು ಕತ್ತರಿಯ ಬೆನ್ನಿನಲ್ಲಿ ಎಳೆದು ಸುರುಳಿಸುವುದು, ನಡುವನ್ನು ಹೆಬ್ಬೆರಳಿನಿಂದ ಒತ್ತಿ ಬಟ್ಟಲು ಮಾಡುವುದು, ತಂತಿಗೆ ಸುತ್ತಿ ತಿರುವುವುದು, ಇದರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ. ಅಂಗಡಿಯ ಪ್ಲಾಸ್ಟಿಕ್ ಹೂವನ್ನು ನೋಡಿ 'ಎಷ್ಟು ಚೆನ್ನ' ಎನ್ನುವವರ ಜೊತೆ ಈ ಮಾತು ಆಡುವುದು ದಂಡ.

ಊರೆಲ್ಲ ಬಾಗಿಲು ಹಾಕಿಕೊಂಡಿತು. ಹೂವಿನ ತಿಂಗಳುಗಳಲ್ಲಿ ಒಂದು ಬೀದಿಯವರು ಇನ್ನೊಂದು ಬೀದಿಯವರ ಮನೆಗೆ ಹೋಗುವುದಿಲ್ಲ. ಎದುರಿಗೆ ಸಿಕ್ಕರೆ ಹವಾಮಾನದ ಮಾತು, ಆಲಿವ್ ಫಸಲಿನ ಮಾತು. ಒಳಗೆ ಮಾತ್ರ ಒಂದೊಂದು ಮನೆಯಲ್ಲಿ ಹದಿನೈದು ಇಪ್ಪತ್ತು ಹೆಂಗಸರು, ಕಾಫಿ, ಕೇಕು, ಪರರ ಮನೆಯ ಸುದ್ದಿ, ನಗು. ಗೋಡೆಯಾಚೆ ಬಾವಿ ಬೀದಿಯ ನಗು ಸಂಜೆ ಹೊತ್ತು ಫೆಲಿಸ್ಮಿನಾಳ ಅಡುಗೆಮನೆಗೆ ಕೇಳಿಸುತ್ತಿತ್ತು. ಅವಳು ಒಣಗಿದ ಬ್ರೆಡ್ಡಿಗೆ ಬೆಳ್ಳುಳ್ಳಿ, ಕೊತ್ತಂಬರಿ ಜಜ್ಜಿ ಹಾಕಿ, ಬಿಸಿನೀರು ಸುರಿದು, ಮೇಲೊಂದು ಮೊಟ್ಟೆ ಒಡೆದು, ನಿಂತೇ ಉಂಡು ಮುಗಿಸುತ್ತಿದ್ದಳು. ಒಬ್ಬಳಿಗೆ ಮೇಜು ಒರೆಸುವ ಕೆಲಸ ಯಾಕೆ.

ಅವಳದು ಚಿಕ್ಕ ಮನೆ. ಎರಡೇ ವಾರದಲ್ಲಿ ಹೂ ತುಂಬಿ ಮಂಚಕ್ಕೆ ದಾರಿಯಿಲ್ಲದಾಯಿತು. ಬಾಗಿಲ ಹಿಂದಿನ ಮೊಳೆಯಲ್ಲಿ ಹನ್ನೊಂದು ಮನೆಯ ಬೀಗದ ಕೈಗಳು ನೇತಾಡುತ್ತಿದ್ದವು. ಬೀದಿ ಬಿಟ್ಟು ಹೋದವರೆಲ್ಲ ಗಿಡಕ್ಕೆ ನೀರು ಹಾಕೆಂದು ಕೊಟ್ಟುಹೋದ ಕೈಗಳವು. ಗಿಡ ಒಣಗಿ ವರ್ಷಗಳಾಗಿದ್ದವು, ಕೈಗಳು ಉಳಿದಿದ್ದವು. ಒಂದು ಸಂಜೆ ಅನಕ್ಲೆತೊನ ಮನೆ ತೆರೆದು, ದೀಪ ಹಾಕಿ, ಅವನ ಅಡುಗೆಮನೆಯ ಮೇಜಿನ ಮೇಲೆ ಅವನ ಅಚ್ಚಿಟ್ಟು ಗಸಗಸೆ ಹೂ ಮಾಡಿದಳು. ಮರುದಿನ ಪೆರ್ಪೆತುವಾಳ ಮನೆಯ ಸರದಿ. ಹೂ ಮಾಡುತ್ತ ಆ ಮನೆಯವರ ಜೊತೆ ಮಾತಾಡುತ್ತಿದ್ದಳು. "ಏನಯ್ಯ ಅನಕ್ಲೆತೊ, ನೀನು ಹೊಲಿದ ಚಪ್ಪಲಿ ಒಂದು ವರ್ಷನೂ ಬಾಳಿಕೆ ಬರ್ಲಿಲ್ಲ," ಎನ್ನುತ್ತಿದ್ದಳು. ಉತ್ತರ ಬರುವುದಿಲ್ಲವೆಂಬ ಧೈರ್ಯದಿಂದ ಬಯ್ಯುವುದರಲ್ಲೂ ಒಂದು ಸುಖವಿದೆ. ಆದರೆ ಬೈದು ಮುಗಿದ ಮೇಲೆ ಆ ಅಡುಗೆಮನೆಯ ಮೌನ ಮೊದಲಿಗಿಂತ ದೊಡ್ಡದಾಗುತ್ತಿತ್ತು.

ಭಾನುವಾರ ಬರುವ ಸ್ಪೇನಿನವನು ಅವಳು ಮೂಟೆ ಹೊತ್ತು ಓಡಾಡುವುದನ್ನು ಕಂಡು ಏನೆಂದು ಕೇಳಿದ. "ಇಸ್ತ್ರಿ ಬಟ್ಟೆ," ಎಂದಳು. ಐದು ತಿಂಗಳೂ ಅವನು ಅದನ್ನೇ ನಂಬಿದ. ಪೋರ್ಚುಗೀಸರು ಎಷ್ಟೊಂದು ಇಸ್ತ್ರಿ ಮಾಡುತ್ತಾರೆಂದು ಅವನ ಹೆಂಡತಿ ಆಶ್ಚರ್ಯಪಟ್ಟಳಂತೆ.

ಏಪ್ರಿಲಿನ ಒಂದು ಬೆಳಿಗ್ಗೆ ವಿಸೆನ್ಸಿಯಾ ಬೀದಿ ತುದಿಯಲ್ಲಿ ಅಡ್ಡಸಿಕ್ಕಳು.

"ನಿಮ್ ಬೀದೀಲಿ ದಿನಕ್ಕೊಂದು ಮನೇಲಿ ದೀಪ ಉರೀತದೆ. ಜನ ಎಲ್ಲ ವಾಪಸ್ ಬಂದಿದಾರೆ ಅನ್ನು."

ದೀಪಗಳನ್ನು ಯಾರಾದರೂ ಎಣಿಸುತ್ತಾರೆಂದು ಫೆಲಿಸ್ಮಿನಾ ಯೋಚಿಸಿರಲಿಲ್ಲ.

"ಹಬ್ಬ ಅಂದ್ಮೇಲೆ ಬರ್ದೆ ಇರ್ತಾರಾ," ಎಂದಳು.

"ಹಂಗಾರೆ ನಾವೂ ಸ್ವಲ್ಪ ಹುಷಾರಾಗಿರ್ಬೇಕು," ಎಂದು ವಿಸೆನ್ಸಿಯಾ ಹೋದಳು. ಅವಳ ಮುಖದಲ್ಲಿ ಹಂಗಿಸುವ ನಗು ಇರಲಿಲ್ಲ. ಅದನ್ನು ಕಂಡು ಫೆಲಿಸ್ಮಿನಾಳಿಗೆ ಹಿಗ್ಗಾಯಿತು. ಮನೆಗೆ ಬಂದು ಕುಳಿತ ಮೇಲೆ ಇನ್ನೊಂದು ಮಾತು ಹೊಳೆಯಿತು. ಸಾಬೂನು ಬೀದಿಯಲ್ಲಿ ಜನರಿದ್ದಾರೆಂದು ಊರು ನಂಬಿದ ಮೇಲೆ ಕೈ ನೀಡಲು ಯಾರು ಬರುತ್ತಾರೆ?

ಒಮ್ಮೆ ಮಾತ್ರ ಹೇಳಿಬಿಡಬೇಕೆಂದುಕೊಂಡಳು. ಬ್ರೆಡ್ಡಿನ ಅಂಗಡಿಯ ಸಾಲಿನಲ್ಲಿ ಕುಸ್ತೋದಿಯಾ ಎದುರಾದಳು. ನಲವತ್ತು ವರ್ಷ ದಿನಾ ಬೆಳಿಗ್ಗೆ ಒಂದೇ ಮೇಜಿನಲ್ಲಿ ಕಾಫಿ ಕುಡಿದವರು, ಮಾರ್ಚಿನಿಂದ ಮಾತೇ ಆಡಿರಲಿಲ್ಲ. ಈಗ ಕುಸ್ತೋದಿಯಾ ಕೋಟೆ ಬೀದಿಯವಳು, ಆ ಬೀದಿಯ ಗುಟ್ಟಿಗೆ ಕಟ್ಟುಬಿದ್ದವಳು.

"ಮಂಡಿ ಹೆಂಗಿದೆಯೇ?"

"ಇದೆ. ಕೂತ್ರೆ ಏಳಲ್ಲ, ಎದ್ರೆ ಕೂರಲ್ಲ. ನೀನು ಸೊರಗಿದೀಯಲ್ಲೇ ಮಿನಾ."

"ಕುಸ್ತೋದಿಯಾ, ನಮ್ ಬೀದೀಲಿ..." ಎಂದು ಫೆಲಿಸ್ಮಿನಾ ಬಾಯಿ ತೆರೆದು ಕೈ ಮುಂದೆ ಚಾಚಿದಳು. ಉಗುರಿನ ಸಂದಿಯಲ್ಲಿ ಹೂ ಅಂಟಿಸುವ ಮೈದಾ ಗೋಂದು ಒಣಗಿತ್ತು, ಬೆರಳಿನ ತುದಿಗೆ ಕೆಂಪು ಕಾಗದದ ಬಣ್ಣ ಹತ್ತಿತ್ತು. ಕುಸ್ತೋದಿಯಾ ಅದನ್ನು ಕಂಡವಳೇ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಗಾಜಿನ ಹಿಂದಿನ ಬ್ರೆಡ್ಡುಗಳನ್ನು ನೋಡತೊಡಗಿದಳು. "ಬೇಡ ಕಣೇ, ಹೇಳ್ಬೇಡ. ನಂಗೆ ಗೊತ್ತಾಗ್ಬಾರ್ದು," ಎಂದಳು. ನೋಡದೆ ಇರುವುದು ಆ ಊರಿನ ಮರ್ಯಾದೆ. ಆ ಮರ್ಯಾದೆಯನ್ನು ಫೆಲಿಸ್ಮಿನಾ ಎಪ್ಪತ್ತು ವರ್ಷದಿಂದ ತಾನೂ ಪಾಲಿಸಿದ್ದಳು, ಬೇರೆಯವರಿಗೂ ಕಲಿಸಿದ್ದಳು. ಕೈಯನ್ನು ಚೀಲದೊಳಗೆ ಇಟ್ಟುಕೊಂಡು ಮನೆಗೆ ಬಂದಳು. ಆ ದಿನ ಅವಳು ಅತ್ತಳು.

ಜೂನ್ ಕೊನೆಗೆ ಒಂದು ಮಧ್ಯಾಹ್ನ, ಮನಸ್ಸು ಗಟ್ಟಿಮಾಡಿಕೊಂಡು, ಇದುವರೆಗೆ ಮಾಡಿದ್ದನ್ನೆಲ್ಲ ಎಣಿಸಿದಳು. ಮೂರು ಸಾವಿರದ ಚಿಲ್ಲರೆ ಹೂ. ಹಗ್ಗಕ್ಕೆ ಪೋಣಿಸಿ ಬೀದಿಗೆ ಅಡ್ಡ ಕಟ್ಟಿದರೆ ಮೂರನೆಯ ಬಾಗಿಲಿನವರೆಗೂ ಚಪ್ಪರ ಬರುವುದಿಲ್ಲ. ಬಂದರೂ ಕಂಬ ನಿಲ್ಲಿಸುವ ಗಂಡಾಳು ಯಾರೂ ಇಲ್ಲ. ಹಿತ್ತಲಿನ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದಳು. ತಾನು ಸೋತೆ ಎಂದು ಜೋರಾಗಿಯೇ ಹೇಳಿಕೊಂಡಳು, ಕೇಳಲು ಯಾರೂ ಇರಲಿಲ್ಲ. ಆಮೇಲೆ ಎದ್ದು, ಗಸಗಸೆ ಹೂವಿನ ಒಂದು ಸರವನ್ನು ತಂದು, ಎಲ್ಲಿ ಇಡುವುದೆಂದು ತಿಳಿಯದೆ, ಅನಕ್ಲೆತೊನ ಬಾಗಿಲ ಚೌಕಟ್ಟಿನ ಮೊಳೆಗೆ ನೇತುಹಾಕಿ ನೋಡಿದಳು. ಸುಣ್ಣದ ಗೋಡೆ, ಬಿರುಕು ಬಿಟ್ಟ ಹಸಿರು ಬಾಗಿಲು, ಅದರ ಮೇಲೆ ಕೆಂಪು. ಮೊಳೆಯಿಂದ ಸರವನ್ನು ತೆಗೆಯದೆ ಅಲ್ಲೇ ನಿಂತುಬಿಟ್ಟಳು. ಬಾಗಿಲಿಗೆ ಇನ್ನೂರು ಹೂವಾದರೆ ಹದಿನೆಂಟು ಬಾಗಿಲು ಮುಗಿಯುತ್ತದೆ. ಏಣಿಯೊಂದಿದ್ದರೆ ಸಾಕು.

ಆಗಸ್ಟಿನಲ್ಲಿ ಬೊನಿಫಾಸಿಯೊ ಕಂಬದ ಪಟ್ಟಿ ಹಿಡಿದು ಬಂದ.

"ಮಿನತ್ತೆ, ನಿಮಗೆ ಎಷ್ಟು ಕಂಬ ಬೇಕು?"

"ಬೇಡ."

"ಎಷ್ಟು?"

"ಒಂದೂ ಬೇಡಪ್ಪ."

"ಕಂಬ ಇಲ್ದೆ ಚಪ್ಪರ ಹೆಂಗೆ..." ಎಂದವನು ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡ. ಕೇಳಬಾರದ್ದನ್ನು ಕೇಳಿದ್ದಕ್ಕೆ ಎರಡು ಸಲ ಕ್ಷಮೆ ಕೇಳಿ ಹೋದ. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಬ್ಬಿತು. ಸಾಬೂನು ಬೀದಿಯವರಿಗೆ ಕಂಬ ಬೇಡವಂತೆ. ಗಾಳಿಯಲ್ಲೇ ಹೂ ನಿಲ್ಲಿಸುತ್ತಾರೋ ಏನೋ ಎಂದು ಕಾಫಿ ಅಂಗಡಿಗಳಲ್ಲಿ ಮಾತಾಯಿತು.

ಹಬ್ಬದ ಹಿಂದಿನ ರಾತ್ರಿ ಪ್ರತಿ ಬೀದಿಯೂ ತನ್ನ ಎರಡು ತುದಿಗೆ ಬಟ್ಟೆ ಕಟ್ಟಿ ಮರೆಮಾಡಿಕೊಳ್ಳುತ್ತದೆ. ಫೆಲಿಸ್ಮಿನಾ ಹಾಸಿಗೆಯ ಮೇಲುಹೊದಿಕೆಗಳನ್ನು ಜೋಡಿಸಿ ಹೊಲಿದು ಕಟ್ಟಿದಳು. ಆಚೆ ಬಾವಿ ಬೀದಿಯಲ್ಲಿ ಸುತ್ತಿಗೆ ಸದ್ದು, 'ಎತ್ತು, ಎಳಿ' ಎಂಬ ಕೂಗು, ಮಧ್ಯೆ ಯಾರೋ ಬಿದ್ದ ಸದ್ದು, ಎಲ್ಲರ ನಗು. ಈಚೆ ಒಂದು ಏಣಿಯನ್ನು ಒಬ್ಬ ಹೆಂಗಸು ಬಾಗಿಲಿಂದ ಬಾಗಿಲಿಗೆ ಎಳೆಯುವ ಸದ್ದು. ಹತ್ತುವಳು, ಮೊಳೆಗೆ ಸಿಕ್ಕಿಸುವಳು, ಇಳಿಯುವಳು. ತನ್ನ ಬಾಗಿಲಿಗೆ ಬರುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು ಮತ್ತು ಹೂ ಮುಗಿದಿತ್ತು. ಎಲ್ಲ ಮೂಟೆಗಳ ತಳದಲ್ಲಿ ಉಳಿದ ಚೂರುಪಾರನ್ನು ಬಣ್ಣ ನೋಡದೆ ಕಟ್ಟಿದಳು. ಮುಖ ತೊಳೆದು, ಕಪ್ಪು ಉಡುಪು ತೊಟ್ಟು, ಬಟ್ಟೆಯ ಮರೆ ಇಳಿಸಿ, ಕುರ್ಚಿ ಹಾಕಿಕೊಂಡು ಕುಳಿತಳು. ಹೊಡೆತ ತಿನ್ನಲು ಕುಳಿತವರ ಹಾಗೆ ಕೈ ಕಟ್ಟಿಕೊಂಡಿದ್ದಳು.

ಜನ ಬಂದರು. ಎಂಟು ಬೀದಿಯ ಚಪ್ಪರದ ಕೆಳಗೆ ತಲೆಯೆತ್ತಿ ನಡೆದು ಬಂದವರು ಸಾಬೂನು ಬೀದಿಯ ಬಾಯಲ್ಲಿ ನಿಂತರು. ಮೇಲೆ ಬರೀ ಆಗಸ್ಟಿನ ನೀಲಿ ಆಕಾಶ. ಕೆಳಗೆ ಎರಡೂ ಕಡೆ ಹದಿನೆಂಟು ಮುಚ್ಚಿದ ಬಾಗಿಲು, ಒಂದೊಂದಕ್ಕೂ ಬೇರೆ ಬೇರೆ ಹೂವಿನ ಚೌಕಟ್ಟು. ಫೆಲಿಸ್ಮಿನಾ ನೆಲ ನೋಡುತ್ತಿದ್ದಳು. ಮೊದಲು ಬಾಯಿ ಬಿಟ್ಟವಳು ವಿಸೆನ್ಸಿಯಾ.

"ಆಕಾಶ ಬಿಟ್ಟಿದಾರೆ ನೋಡ್ರೇ," ಎಂದಳು. "ನಾವೆಲ್ಲ ಮುಚ್ಚಿಕೊಂಡು ಸಾಯ್ತಿದ್ರೆ, ಇವ್ರು ಬಿಟ್ಟಿದಾರೆ. ಅದಕ್ಕೇ ಕಂಬ ಬೇಡ ಅಂದಿದ್ದು."

ಅವಳೇ ತಮಟೆ ತಟ್ಟಿ ಅಲ್ಲೇ ಪದ ಕಟ್ಟಿದಳು.

ಸಾಬೂನು ಬೀದಿಯ ಜಾಣರ ನೋಡಿ,
ಚಪ್ಪರ ಸಾಕು ಅಂದರು,
ಆಕಾಶವನ್ನು ಹಾಗೇ ಬಿಟ್ಟು
ಬಾಗಿಲಿಗೆ ಹೂವ ತಂದರು.

ಹೆಂಗಸರೆಲ್ಲ ದನಿಗೂಡಿಸಿದರು. ಬೊನಿಫಾಸಿಯೊ ಬಂದು ಫೆಲಿಸ್ಮಿನಾಳ ಕೈ ಹಿಡಿದು ಕುಲುಕಿದ. "ಎಲ್ರೂ ಎಲ್ಲಿ ಮಿನತ್ತೆ? ಕರೀರಿ, ಅವ್ರಿಗೂ ಹೇಳ್ಬೇಕು."

"ರಾತ್ರಿಯೆಲ್ಲ ಕೆಲಸ. ಮಲಗಿದಾರೆ," ಎಂದಳು.

ಜನ ದನಿ ತಗ್ಗಿಸಿದರು. ಮುಚ್ಚಿದ ಬಾಗಿಲುಗಳ ಮುಂದೆ ಮೆಲ್ಲಗೆ ಹೆಜ್ಜೆಯಿಟ್ಟು, ಒಳಗೆ ಮಲಗಿದವರಿಗೆ ತೊಂದರೆಯಾಗದಂತೆ ದಾಟಿಹೋದರು. ಅವಳ ಬೀದಿ ಬೋಳಾಗಲಿಲ್ಲ, ಹೆಸರು ಉಳಿಯಿತು. ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೂ ಆ ಹೊತ್ತಿನಲ್ಲಿ ಅವಳಿಗಾದಷ್ಟು ಒಂಟಿತನ ಐದು ತಿಂಗಳ ಆ ಅಡುಗೆಮನೆಗಳಲ್ಲೂ ಆಗಿರಲಿಲ್ಲ. ಹೊಗಳಿದ್ದನ್ನು ಹಂಚಿಕೊಳ್ಳಲು ಹದಿನೇಳು ಬಾಗಿಲಿನ ಹಿಂದೆ ಒಬ್ಬರೂ ಇರಲಿಲ್ಲ.

ಕುಸ್ತೋದಿಯಾ ಎಲ್ಲರಿಗಿಂತ ಹಿಂದೆ, ಕೋಲೂರಿಕೊಂಡು ಬಂದಳು. ತನ್ನ ಹಳೆಯ ಬಾಗಿಲ ಮುಂದೆ ನಿಂತು ಕಾರ್ನೇಷನ್ ಒಂದನ್ನು ಬೆರಳಿನಿಂದ ತಿರುಗಿಸಿ ನೋಡಿದಳು. ಅವಳದು ಎಡಗೈ, ಅವಳ ಹೂವಿನ ಎಸಳು ಎಡಕ್ಕೆ ಸುತ್ತುತ್ತದೆ. ಈ ಹೂವೂ ಎಡಕ್ಕೇ ಸುತ್ತಿತ್ತು. ಆದರೆ ನಡುವಿನ ಬಟ್ಟಲು ಆಳವಾಗಿ ಒತ್ತಿತ್ತು, ಅಗಲವಾದ ಹೆಬ್ಬೆರಳಿನ ಗುರುತು. ಪಕ್ಕದ ಗಸಗಸೆ ಹೂವಿನಲ್ಲೂ ಅದೇ ಹೆಬ್ಬೆರಳು. ಎದುರಿನ ಕಿತ್ತಳೆ ಹೂವಿನಲ್ಲೂ ಅದೇ. ಬಾಗಿಲಿಂದ ಬಾಗಿಲಿಗೆ ಕುಂಟುತ್ತ ಹದಿನೆಂಟನ್ನೂ ನೋಡಿಕೊಂಡು ಬಂದು ಫೆಲಿಸ್ಮಿನಾಳ ಕುರ್ಚಿಯ ಪಕ್ಕ ನಿಂತಳು.

"ಎಲ್ರೂ ಮಲಗಿದಾರಾ?"

"ಹೂಂ."

"ಎಬ್ಬಿಸ್ಬೇಡ. ತುಂಬ ದಣಿದಿರ್ತಾರೆ." ಕೋಲನ್ನು ಕುರ್ಚಿಗೆ ಆನಿಸಿ ಮತ್ತೆ ಹೇಳಿದಳು. "ಆ ಕೋಟೆ ಬೀದೀಲಿ ನನ್ನನ್ನ ಎಲೆ ಕತ್ತರಿಸೋಕೆ ಕೂರ್ಸಿದ್ರು ಕಣೇ. ಹೊಸಬಳು ಅಂತ. ಐದು ತಿಂಗಳು ಬರೀ ಎಲೆ. ಒಂದು ಹೂ ಮುಟ್ಟೋಕೆ ಕೊಡ್ಲಿಲ್ಲ."

ಫೆಲಿಸ್ಮಿನಾ ತಲೆಯೆತ್ತಿ ನೋಡಿದಳು. ಕುಸ್ತೋದಿಯಾ ಕೈ ಚಾಚಿದ್ದಳು.

"ನಮ್ ಮನೆ ಬೀಗದ ಕೈ ಕೊಡು."

ಬೀಗ ತೆಗೆದು ಒಳಗೆ ಹೋದಳು. ಒಳಗಿನಿಂದ ಕುರ್ಚಿಯೊಂದನ್ನು ಕಿರ್ರೆಂದು ಎಳೆದು ತಂದು, ಕಾರ್ನೇಷನ್ ಬಾಗಿಲ ಮುಂದೆ ಹಾಕಿ, ಮಂಡಿ ಹಿಡಿದುಕೊಂಡು ಕುಳಿತಳು. ಈಗತಾನೆ ಎದ್ದವಳ ಹಾಗೆ ಕಣ್ಣುಜ್ಜಿಕೊಂಡಳು.

"ಒಬ್ಬಳು ಎದ್ಲು ಅಂತ ಹೇಳು," ಎಂದಳು.

ಮಧ್ಯಾಹ್ನದವರೆಗೆ ಇಬ್ಬರೂ ಬೀದಿಯ ಎರಡು ಕಡೆ ಕುಳಿತಿದ್ದರು. ದೂರದ ಊರಿನವರು ಎಷ್ಟು ಜನ ಮಾಡಿದಿರಿ ಎಂದು ಕೇಳಿದರೆ ಕುಸ್ತೋದಿಯಾ "ಅದನ್ನ ಕೇಳಂಗಿಲ್ಲ ಇಲ್ಲಿ," ಎಂದು ಗದರುತ್ತಿದ್ದಳು. ಆಮೇಲೆ ಕೋಟೆ ಬೀದಿಯಿಂದ ಅವಳ ತಂಗಿ ಬಂದು, ಊಟಕ್ಕೆ ಎಲ್ಲರೂ ಕಾಯುತ್ತಿದ್ದಾರೆ, ತಮ್ಮ ಬೀದಿ ಬಿಟ್ಟು ಇಲ್ಲೇನು ಕೆಲಸ ಎಂದು ಗೊಣಗುತ್ತ ಎಬ್ಬಿಸಿಕೊಂಡು ಹೋದಳು. ಕುಸ್ತೋದಿಯಾ ತಿರುವಿನವರೆಗೆ ನಾಲ್ಕು ಸಲ ತಿರುಗಿ ನೋಡಿದಳು.

ಸಂಜೆ ಫೆಲಿಸ್ಮಿನಾ ಕಾರ್ನೇಷನ್ ಬಾಗಿಲಿಗೆ ಬೀಗ ಹಾಕಲು ಹೋದಳು. ಬಾಗಿಲಲ್ಲೇ ಉಳಿದಿದ್ದ ಬೀಗದ ಕೈಯನ್ನು ಮೊಳೆಗೆ ಹಾಕುವ ಬದಲು ಉಡುಪಿನ ಜೇಬಿಗೆ ಹಾಕಿಕೊಂಡಳು. ಕುಸ್ತೋದಿಯಾಳ ಕುರ್ಚಿಯನ್ನು ಒಳಗಿಡಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಅಪರಿಚಿತ ಹೆಂಗಸು, ಕಾಲು ನೋವಂತೆ, ಅದರಲ್ಲಿ ಕೂರಬಹುದೇ ಎಂದು ಕೇಳಿದಳು.

"ಇಲ್ಲ ಕಣಮ್ಮ, ಅಲ್ಲಿ ಜನ ಇದಾರೆ," ಎಂದು ಹೇಳಿ, ತನ್ನ ಬಾಗಿಲ ಮುಂದಿದ್ದ ಕುರ್ಚಿಯನ್ನು ತಂದುಕೊಟ್ಟು, ತಾನು ಹೊಸ್ತಿಲ ಮೇಲೆ ಕುಳಿತಳು.